ಫಾಲಿಕಲ್ ಕೋಶಗಳು ಮೊಟ್ಟೆಗೆ ಏನು ಮಾಡುತ್ತವೆ? ಹಣ್ಣುನೊಣದ ಅಂಡಾಶಯದಲ್ಲಿ ಹಂತಹಂತವಾಗಿ ನೋಡುವ ಕ್ರಮ

‘ಫಾಲಿಕಲ್ ಕೋಶಗಳು ಬೆಳೆಯುವ ಅಂಡಕ್ಕೆ ಪೋಷಣೆ ಒದಗಿಸುತ್ತವೆ.’ ಪದವಿ ತರಗತಿಯ ನೋಟ್ಸಿನಲ್ಲಿ ಕೀಟಗಳ ಅಂಡಾಶಯದ ಪಾಠ ಹೆಚ್ಚುಕಡಿಮೆ ಈ ಒಂದು ಸಾಲಿಗೇ ಮುಗಿದುಬಿಡುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಎಂಎಸ್ಸಿಗೆಂದು ಪುಣೆಗೆ ಬಂದ ಹುಡುಗ ಹುಡುಗಿಯರು, ಮುಂಬೈಯ ಕೆಲವು ಅಧ್ಯಾಪಕರು ಕೂಡ, ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ: ಪೋಷಣೆ ಅಂದರೆ ಕೊಡುವುದೇನು? ಅದನ್ನು ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ನೋಡಲು ಆಗುತ್ತದೆಯೇ?

ಬಹುಪಾಲು ಆಗುತ್ತದೆ. ಆದರೆ ಆ ಸಾಲನ್ನು ಸ್ವಲ್ಪ ಪಕ್ಕಕ್ಕಿಟ್ಟು ಕೂರಬೇಕು. ಹಣ್ಣುನೊಣದಲ್ಲಿ ಮೊಟ್ಟೆಗೆ ಸಾಮಗ್ರಿ ತುಂಬುವ ಕೆಲಸದ ದೊಡ್ಡ ಪಾಲು ಅದರ ಜೊತೆಗೇ ಹುಟ್ಟಿದ ನರ್ಸ್ ಕೋಶಗಳದ್ದು. ಇವನ್ನೆಲ್ಲ ಹೊರಗಿನಿಂದ ಸುತ್ತುವ ಫಾಲಿಕಲ್ ಕೋಶಗಳು ಒಂದಿಷ್ಟು ಯೋಕ್, ಅಂದರೆ ಮರಿಗೆ ಆಹಾರವಾಗುವ ಮೊಟ್ಟೆಯೊಳಗಿನ ಸರಕು, ಮಾಡುವುದು ನಿಜ. ಅದಕ್ಕಿಂತ ಹೆಚ್ಚಾಗಿ ಅವು ಮೊಟ್ಟೆಯ ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಎಂದು ಗೊತ್ತುಮಾಡುತ್ತವೆ, ಅದನ್ನು ಉದ್ದಕ್ಕೆ ಎಳೆಯುತ್ತವೆ, ಚಿಪ್ಪು ಹೊದಿಸುತ್ತವೆ, ವೀರ್ಯಾಣು ಒಳಬರುವ ರಂಧ್ರ ಕೊರೆದಿಡುತ್ತವೆ. ಅಂಡ ಕೆಟ್ಟರೆ ಅದನ್ನು ನುಂಗಿ ಜಾಗ ಖಾಲಿಮಾಡುತ್ತವೆ. ಹೊಸಬರು ಮಧ್ಯದ ದೊಡ್ಡ ದೊಡ್ಡ ಕೋಶಗಳನ್ನು ನೋಡಿ ಖುಷಿಪಟ್ಟು ಸ್ಲೈಡ್ ತೆಗೆದುಬಿಡುತ್ತಾರೆ. ಅಸಲಿ ಸಂಗತಿ ಇರುವುದು ಅಂಚಿನ ತೆಳು ಪದರದಲ್ಲಿ.

ಮೊದಲು ತಲೆಯಲ್ಲಿ ಒಂದು ಚಿತ್ರ

ಹೆಣ್ಣು ಹಣ್ಣುನೊಣದ ಹೊಟ್ಟೆಯಲ್ಲಿ ಎರಡು ಅಂಡಾಶಯ. ಒಂದೊಂದರಲ್ಲೂ ಸುಮಾರು 16ರಿಂದ 20 ಓವೇರಿಯೋಲ್‌ಗಳು, ಅಂದರೆ ಮೊಟ್ಟೆ ತಯಾರಾಗುವ ಸಣ್ಣ ಕೊಳವೆಗಳು. ಓವೇರಿಯೋಲ್ ಒಂದನ್ನು ಬಿಡಿಸಿ ನೋಡಿದರೆ ಗಾತ್ರದ ಪ್ರಕಾರ ಪೋಣಿಸಿದ ಮಲ್ಲಿಗೆ ಮೊಗ್ಗಿನ ಹಾಗೆ: ತುದಿಯಲ್ಲಿ ತೀರಾ ಎಳೆಯದು, ಬುಡಕ್ಕೆ ಬಂದಂತೆ ದಪ್ಪ, ಕೊನೆಗೆ ಇಡಲು ಸಿದ್ಧವಾದ ಮೊಟ್ಟೆ. ತುದಿಯ ಭಾಗದ ಹೆಸರು ಜರ್ಮೇರಿಯಂ. ಹೊಸ ಕೋಶಗಳನ್ನು ಹುಟ್ಟಿಸುವ ಕಾಂಡಕೋಶಗಳು ಇರುವುದು ಅಲ್ಲಿ. ಅದರ ಕೆಳಗೆ ಸಾಲಾಗಿ ಬರುವ ಒಂದೊಂದು ಘಟಕವೂ ಒಂದೊಂದು ಎಗ್ ಚೇಂಬರ್. ಇಲ್ಲಿ ಅಂಡಕೋಣೆ ಅನ್ನೋಣ.

ಪ್ರತಿ ಅಂಡಕೋಣೆಯ ಒಳಗೆ 16 ಕೋಶಗಳು. ಒಂದೇ ಕೋಶ ನಾಲ್ಕು ಬಾರಿ ಒಡೆದು ಆದವು ಇವು, ಆದರೆ ಪೂರ್ತಿ ಬೇರೆಯಾಗಿಲ್ಲ. ರಿಂಗ್ ಕೆನಾಲ್ ಎಂಬ ಸಣ್ಣ ದಾರಿಗಳ ಮೂಲಕ ಒಂದಕ್ಕೊಂದು ತೆರೆದುಕೊಂಡೇ ಇರುತ್ತವೆ. ಹದಿನಾರರಲ್ಲಿ ಒಂದೇ ಒಂದು ಊಸೈಟ್ ಆಗುತ್ತದೆ, ಅಂದರೆ ಮುಂದೆ ಮೊಟ್ಟೆಯಾಗುವ ಕೋಶ. ಉಳಿದ 15 ನರ್ಸ್ ಕೋಶಗಳಾಗಿ ಆರ್‌ಎನ್‌ಎ, ಪ್ರೋಟೀನ್, ರೈಬೋಸೋಮ್ ಎಲ್ಲವನ್ನೂ ತಯಾರಿಸಿ ಆ ದಾರಿಗಳಲ್ಲಿ ಊಸೈಟಿಗೆ ಸಾಗಿಸುತ್ತವೆ. ಈ ಹದಿನಾರನ್ನೂ ಹೊರಗಿನಿಂದ ಒಂದೇ ಪದರದಲ್ಲಿ ಸುತ್ತುವರಿದಿರುವುದು ಫಾಲಿಕಲ್ ಕೋಶಗಳು. ಅಂಡಕೋಣೆಯ ಬೆಳವಣಿಗೆಯನ್ನು 14 ಹಂತಗಳಾಗಿ ಗುರುತಿಸುವುದು ರೂಢಿ. ಜರ್ಮೇರಿಯಂ ಬಿಟ್ಟ ಕೋಣೆ ಈ ಹಂತಗಳನ್ನೆಲ್ಲ ದಾಟಲು 25 ಡಿಗ್ರಿಯಲ್ಲಿ ಸರಿಸುಮಾರು ಮೂರು ದಿನ ಬೇಕು.

ಬೇಕಾದ ಸಾಮಾನು

ಸ್ಟೀರಿಯೋ ಮೈಕ್ರೋಸ್ಕೋಪ್ ಒಂದು, 10 ಮತ್ತು 40 ಪಟ್ಟಿನ ಲೆನ್ಸ್ ಇರುವ ಮಾಮೂಲಿ ಕಾಂಪೌಂಡ್ ಮೈಕ್ರೋಸ್ಕೋಪ್ ಒಂದು. ಗಡಿಯಾರ ರಿಪೇರಿಯವರು ಬಳಸುವಂಥ ಚೂಪು ತುದಿಯ ಫೋರ್ಸೆಪ್ಸ್ ಎರಡು (ಇದರಲ್ಲಿ ಮಾತ್ರ ಕಂಜೂಸಿತನ ಬೇಡ, ತುದಿ ಬಾಗಿದ್ದರೆ ದಿನವೆಲ್ಲ ವ್ಯರ್ಥ). ಬೆಂಕಿಕಡ್ಡಿಗೆ ಕಟ್ಟಿದ ಸಣ್ಣ ಕೀಟಪಿನ್ನು, ಗುಳಿ ಇರುವ ಸ್ಲೈಡು, ಕವರ್‌ಸ್ಲಿಪ್, ಶೇಕಡಾ 0.7ರ ಉಪ್ಪುನೀರು ಅಂದರೆ 100 ಮಿ.ಲೀ. ಶುದ್ಧ ನೀರಿಗೆ 0.7 ಗ್ರಾಂ ಸೋಡಿಯಂ ಕ್ಲೋರೈಡ್, ಅಸೆಟೋಕಾರ್ಮಿನ್ ಬಣ್ಣ, ಶೇಕಡಾ 45ರ ಅಸಿಟಿಕ್ ಆಮ್ಲ, ಗ್ಲಿಸರಾಲ್. ಈರುಳ್ಳಿ ಬೇರಿನ ತುದಿಯಲ್ಲಿ ಕೋಶವಿಭಜನೆ ತೋರಿಸುವ ಯಾವ ಕಾಲೇಜಿನಲ್ಲೂ ಇವೆಲ್ಲ ಇರುತ್ತವೆ. ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಮತ್ತು ಡಿಎನ್‌ಎಯನ್ನು ನೀಲಿಯಾಗಿ ಹೊಳೆಸುವ ಡ್ಯಾಪಿ ಬಣ್ಣ ಸಿಕ್ಕರೆ ನೋಟವೇ ಬೇರೆ; ಸಿಗದಿದ್ದರೂ ಕೆಲಸ ನಿಲ್ಲುವುದಿಲ್ಲ.

ಕಾಲೇಜುಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದಕ್ಕೆ ಯುಜಿಸಿಯ ಕಡಿವಾಣ ಇದೆ. ಹಾಗಾಗಿ ಶುರುಮಾಡುವ ಮೊದಲು ವಿಭಾಗದ ಒಪ್ಪಿಗೆ ಕೇಳಿಕೊಳ್ಳಿ. ಒಪ್ಪಿಗೆ ಸಿಗದವರಿಗೆ 10ನೇ ಹೆಜ್ಜೆ ಇದೆ.

1. ಸರಿಯಾದ ನೊಣ ಹೊಂದಿಸಿ

ನಮಗೆ ಬೇಕಾದದ್ದು ಡ್ರಾಸೊಫಿಲಾ ಮೆಲನೋಗ್ಯಾಸ್ಟರ್. ಒಳ್ಳೆಯ ದಾರಿ ಎಂದರೆ ಶುದ್ಧ ತಳಿ ತರಿಸುವುದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಡ್ರಾಸೊಫಿಲಾ ಸ್ಟಾಕ್ ಸೆಂಟರ್ ಇದೆ. ಪುಣೆಯಲ್ಲೇ ಪಾಷಾಣ್ ಪ್ರದೇಶದ ಐಸರ್ (ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆ) ಮತ್ತು ಆಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ, ಮುಂಬೈಯಲ್ಲಿ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ಈ ನೊಣದ ಮೇಲೆ ಕೆಲಸ ನಡೆದಿದೆ. ವಿದ್ಯಾರ್ಥಿ ನೇರವಾಗಿ ಹೋಗಿ ನಿಲ್ಲುವುದಕ್ಕಿಂತ ಅಧ್ಯಾಪಕರ ಪತ್ರದ ಮೂಲಕ ಕೇಳಿದರೆ ಬೇಗ ಆಗುತ್ತದೆ.

ಹಣ್ಣಿನ ಮಾರುಕಟ್ಟೆಯಿಂದ ಕಳಿತ ಬಾಳೆಹಣ್ಣು, ದ್ರಾಕ್ಷಿ ತಂದು ಬಾಟಲಿಯಲ್ಲಿಟ್ಟರೂ ನೊಣ ಬರುತ್ತವೆ, ಆದರೆ ಯಾವುದೆಂದು ನೋಡಿಕೊಳ್ಳಬೇಕು. ತಲೆಯಿಂದ ಬೆನ್ನಿನ ಮೇಲೆ ಉದ್ದಕ್ಕೆ ಬೆಳ್ಳಿಬಿಳಿ ಪಟ್ಟೆ ಇರುವ ಕಂದು ನೊಣ ಝಪ್ರಿಯೋನಸ್ ಇಂಡಿಯಾನಸ್. ಅಂಜೂರ ಅಂದರೆ ಅದಕ್ಕೆ ಪ್ರಾಣ; ಸಾಸವಡದ ಅಂಜೂರ ಬರುವ ಕಾಲದಲ್ಲಿ ಪುಣೆಯವರಿಗೆ ಈ ಪಟ್ಟೆನೊಣದ ಬಗ್ಗೆ ಎಚ್ಚರ ಬೇಕು. ಅದರ ಮೊಟ್ಟೆಯ ಮುಂಭಾಗದಲ್ಲಿ ಉಸಿರಾಟಕ್ಕಿರುವ ದಾರದಂಥ ಎಳೆಗಳು ನಾಲ್ಕು, ಮೆಲನೋಗ್ಯಾಸ್ಟರ್‌ಗೆ ಎರಡು. ಎರಡೂ ಬೆರೆತರೆ 8ನೇ ಹೆಜ್ಜೆಯಲ್ಲಿ ತಲೆ ಕೆಡುತ್ತದೆ. ಮಾವಿನೊಳಗೆ ಹುಳ ಬೀಳಿಸುವ ದೊಡ್ಡ ಹಣ್ಣುನೊಣ ಬೇರೆಯೇ ಕುಟುಂಬದ್ದು, ಅದು ಬೇಡವೇ ಬೇಡ.

2. ತಿನ್ನಿಸಿ, ಯೀಸ್ಟ್ ಕೊಡಿ

ಮೈಸೂರಿನ ಲ್ಯಾಬುಗಳಲ್ಲಿ ಬಳಕೆಯಲ್ಲಿರುವ ರವೆ-ಬೆಲ್ಲದ ಆಹಾರ ಎಲ್ಲೆಡೆ ಮಾಡಿಕೊಳ್ಳಬಹುದು: ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, 10 ಗ್ರಾಂ ಅಗರ್. ಕುದಿಸಿ ಗಟ್ಟಿಯಾಗುತ್ತ ಬಂದಾಗ ಇಳಿಸಿ, ಸ್ವಲ್ಪ ಆರಿದ ಮೇಲೆ ಬೂಸ್ಟು ತಡೆಯಲು 7.5 ಮಿ.ಲೀ. ಪ್ರೊಪಿಯೋನಿಕ್ ಆಮ್ಲ ಬೆರೆಸಿ. ಈ ಆಮ್ಲ ಚರ್ಮ ಸುಡುತ್ತದೆ, ಕುದಿಯುವಾಗಲೇ ಹಾಕಿದರೆ ಘಾಟು ಮುಖಕ್ಕೆ ರಾಚುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಡಿ.

ಈ ಇಡೀ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಬಾಟಲಿಯಿಂದ ಸಿಕ್ಕ ಹೆಣ್ಣನ್ನು ಹಿಡಿದು ನೇರವಾಗಿ ಬಿಡಿಸುತ್ತಾರೆ, ಒಳಗೆ ಬತ್ತಿದ ಅಂಡಾಶಯ, ಮಧ್ಯದ ಹಂತಗಳೇ ಇಲ್ಲ. ಹೆಣ್ಣಿಗೆ ಪ್ರೋಟೀನ್ ಸಾಲದಿದ್ದರೆ ಯೋಕ್ ತುಂಬುವ ಹಂತ ಬರುವಷ್ಟರಲ್ಲಿ ಅಂಡಕೋಣೆಗಳು ಸತ್ತುಹೋಗುತ್ತವೆ. ಆದ್ದರಿಂದ ಪ್ಯೂಪಾ ಗೂಡಿನಿಂದ ಹೊರಬಂದು ಎರಡರಿಂದ ನಾಲ್ಕು ದಿನವಾದ ಹೆಣ್ಣುಗಳನ್ನು ಆರಿಸಿ, ಜೊತೆಗೆ ಕೆಲವು ಗಂಡು ಬಿಡಿ, ಬೇಕರಿಯವರು ಬಳಸುವ ಒಣ ಯೀಸ್ಟನ್ನು ನೀರಲ್ಲಿ ಕಲಸಿ ಆಹಾರದ ಮೇಲೆ ಬಟಾಣಿಯಷ್ಟು ಸವರಿ. ಒಂದೆರಡು ದಿನದಲ್ಲಿ ಹೊಟ್ಟೆ ಬಿರಿಯುವಂತಾಗುತ್ತದೆ. ಗಂಡಿಲ್ಲದೆ ಬಿಟ್ಟ ಹೆಣ್ಣು ಸಿದ್ಧ ಮೊಟ್ಟೆಗಳನ್ನು ಇಡದೆ ಹಿಡಿದಿಟ್ಟುಕೊಳ್ಳುತ್ತದೆ. ಆಗ ಅಂಡಾಶಯವೆಲ್ಲ ಕೊನೆಯ ಹಂತದ ಮೊಟ್ಟೆಗಳಿಂದಲೇ ತುಂಬಿರುತ್ತದೆ.

ಹೆಣ್ಣು ಗಾತ್ರದಲ್ಲಿ ದೊಡ್ಡದು, ಹೊಟ್ಟೆಯ ತುದಿ ಚೂಪು, ಪಟ್ಟೆಪಟ್ಟೆ. ಗಂಡಿನದು ಮೊಂಡು, ತುದಿ ಕಪ್ಪು.

ಉಷ್ಣಾಂಶದ ಮೇಲೂ ಕಣ್ಣಿರಲಿ. 25 ಡಿಗ್ರಿ ಹಿತ. ಪುಣೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಬಾಟಲಿಗಳನ್ನು ಹೊರಗಿಟ್ಟರೆ ಕೆಲಸ ಕೆಟ್ಟಂತೆ. 30ರಲ್ಲೇ ಬೆಳೆದ ಗಂಡುಗಳು ಬಂಜೆಯಾಗುತ್ತವೆ. ಡಿಸೆಂಬರ್ ರಾತ್ರಿಗಳ ಚಳಿಯಲ್ಲಿ ಎಲ್ಲವೂ ನಿಧಾನ. ಮುಂಬೈ, ಗೋವಾದವರಿಗೆ ಚಳಿಯ ಚಿಂತೆಯಿಲ್ಲ, ಮಳೆಗಾಲದ ಬೂಸ್ಟಿನದು ಇದೆ.

3. ಅಂಡಾಶಯ ಹೊರತೆಗೆಯಿರಿ

ನೊಣವನ್ನು ಮಂಜುಗಡ್ಡೆಯ ಮೇಲಿಟ್ಟ ಬಾಟಲಿಯಲ್ಲಿ ತಣಿಸಿ ಮಂಪರು ಬರಿಸಿ. ಈಥರ್ ಬಳಸುವ ಕಾಲೇಜುಗಳು ಇನ್ನೂ ಇವೆ. ಹತ್ತಿರದಲ್ಲಿ ಬರ್ನರ್ ಉರಿಯುತ್ತಿದ್ದರೆ ಅದರ ಮುಚ್ಚಳ ತೆರೆಯಲೇಬೇಡಿ.

ಗುಳಿಸ್ಲೈಡಿನ ಉಪ್ಪುನೀರಿನಲ್ಲಿ ನೊಣವನ್ನು ಮುಳುಗಿಸಿ. ಎಡಗೈಯ ಫೋರ್ಸೆಪ್ಸಿನಲ್ಲಿ ಎದೆಭಾಗ ಹಿಡಿಯಿರಿ, ಬಲಗೈಯದರಲ್ಲಿ ಹೊಟ್ಟೆಯ ತುದಿ ಹಿಡಿದು ಮೆಲ್ಲಗೆ, ನಿಲ್ಲಿಸದೆ ಎಳೆಯಿರಿ. ತುದಿಯ ಜೊತೆ ಕರುಳು, ಅದರ ಇಕ್ಕೆಲದಲ್ಲಿ ಬಿಳಿ ಗೊಂಚಲಿನಂಥ ಎರಡು ಅಂಡಾಶಯ ಈಚೆ ಬರುತ್ತವೆ. ಜರ್ರನೆ ಎಳೆದರೆ ಕರುಳು ಮಾತ್ರ ಬಂದು ಅಂಡಾಶಯ ಒಳಗೇ ಉಳಿಯುತ್ತದೆ. ಹಾಗಾದರೆ ಹೊಟ್ಟೆಯನ್ನು ಮುಂದಿನಿಂದ ಹಿಂದಕ್ಕೆ ಒತ್ತಿ ತೆಗೆಯಬಹುದು. ಅಂಟಿಕೊಂಡ ಕೊಬ್ಬಿನ ಚೂರು, ಕರುಳು ಕಿತ್ತು ಹಾಕಿ.

4. ಓವೇರಿಯೋಲ್‌ಗಳನ್ನು ಬಿಡಿಸಿ

ಪ್ರತಿ ಓವೇರಿಯೋಲ್‌ಗೂ ಸ್ನಾಯುವಿನ ತೆಳು ಕವಚ ಇದೆ. ಬುಡದಲ್ಲಿರುವ ದೊಡ್ಡ ಅಪಾರದರ್ಶಕ ಮೊಟ್ಟೆಗಳ ಕಡೆಯನ್ನು ಫೋರ್ಸೆಪ್ಸಿನಲ್ಲಿ ಒತ್ತಿ ಹಿಡಿದು, ಪಿನ್ನಿನ ಮೊನೆಯಿಂದ ಎಳೆ ತುದಿಯ ಕಡೆಗೆ ಬಾಚುತ್ತ ಬನ್ನಿ. ಕೊಳವೆಗಳು ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ. ಮಧ್ಯದ ಅಂಡಕೋಣೆಯನ್ನು ಮಾತ್ರ ಯಾವ ಕಾರಣಕ್ಕೂ ಹಿಡಿಯಬೇಡಿ. ಆರರಿಂದ ಹತ್ತನೇ ಹಂತದವು ತೀರಾ ಮೆತ್ತಗೆ, ಫಾಲಿಕಲ್ ಪದರ ಹರಿದರೆ ಒಳಗಿನದೆಲ್ಲ ಸೋರಿಹೋಗುತ್ತದೆ.

ಉಪ್ಪುನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ.

5. ಬಣ್ಣ ಹಾಕುವ ಮೊದಲು ಒಮ್ಮೆ ನೋಡಿ

ಬಣ್ಣ ಹಾಕದ ಅಂಡಕೋಣೆ ಸುಂದರ, ಮತ್ತು ಅಸಿಟಿಕ್ ಆಮ್ಲ ಬಿದ್ದ ಮೇಲೆ ಸಿಗದ ವಿವರಗಳು ಇಲ್ಲಿ ಸಿಗುತ್ತವೆ. ಒಂದು ಹನಿ ಉಪ್ಪುನೀರಿನಲ್ಲಿ ಕೆಲವು ಕೊಳವೆಗಳನ್ನಿಟ್ಟು ಕವರ್‌ಸ್ಲಿಪ್ ಹಾಕಿ. ಆದರೆ ಅದರ ನಾಲ್ಕು ಮೂಲೆಗೂ ಮೊದಲೇ ಚೂರು ವ್ಯಾಸಲೀನ್ ಹಚ್ಚಿರಬೇಕು. ಈರುಳ್ಳಿ ಬೇರಿನ ಅಭ್ಯಾಸದಲ್ಲಿ ಹೆಬ್ಬೆರಳಿನಿಂದ ಒತ್ತುವವರು ಬಹಳ. ಇಲ್ಲಿ ಒತ್ತಿದರೆ ಕೋಣೆ ಒಡೆದು ಪದರವೇ ಉಳಿಯುವುದಿಲ್ಲ.

10 ಪಟ್ಟಿನ ಲೆನ್ಸಿನಲ್ಲಿ ಒಂದು ಉದ್ದನೆಯ ಕೋಣೆ ಹುಡುಕಿ: ಅರ್ಧ ಭಾಗ ಯೋಕಿನಿಂದ ಕಪ್ಪಗೆ, ಇನ್ನರ್ಧ ತಿಳಿಯಾಗಿ, ದೊಡ್ಡ ದೊಡ್ಡ ಗುಂಡು ನ್ಯೂಕ್ಲಿಯಸ್‌ಗಳಿಂದ ತುಂಬಿದ್ದು. ಅದು ಹತ್ತನೇ ಹಂತ. ಕಪ್ಪಗಿರುವುದು ಊಸೈಟ್, ತಿಳಿಯಾಗಿರುವುದು ನರ್ಸ್ ಕೋಶಗಳು. ಈಗ 40ಕ್ಕೆ ಬದಲಿಸಿ, ಫೈನ್ ಫೋಕಸನ್ನು ಕೂದಲೆಳೆಯಷ್ಟು ತಿರುಗಿಸುತ್ತ ಊಸೈಟಿನ ಮೇಲ್ಮೈಗೆ ಬನ್ನಿ. ಒಂದು ಕ್ಷಣಕ್ಕೆ ಯೋಕಿನ ಕಣಗಳು ಮಸುಕಾಗಿ, ಆರು ಮೂಲೆಯ ಸಣ್ಣ ಕೋಶಗಳ ಹಾಸು ಕಾಣಿಸುತ್ತದೆ. ಅವೇ ಫಾಲಿಕಲ್ ಕೋಶಗಳು, ಮೇಲಿನಿಂದ ನೋಡಿದಾಗ. ಇನ್ನೂ ತಿರುಗಿಸಿ ಮಧ್ಯಕ್ಕಿಳಿದರೆ ಅವೇ ಕೋಶಗಳು ಅಂಚಿನಲ್ಲಿ ಪಕ್ಕಪಕ್ಕ ನಿಂತ ಎತ್ತರದ ಕಂಬಸಾಲಾಗಿ ತೋರುತ್ತವೆ. ಈ ಮೇಲೆ-ಕೆಳಗೆ ಆಟವನ್ನು ಕೈಗೆ ಹತ್ತುವವರೆಗೆ ಮಾಡಿ. ಮುಂದಿನ ಎಲ್ಲ ಹೆಜ್ಜೆಗೂ ಇದೇ ಬುನಾದಿ.

6. ಬಣ್ಣ ಹಾಕಿ

ಉಪ್ಪುನೀರು ಹೀರಿ ತೆಗೆದು ಅಸೆಟೋಕಾರ್ಮಿನ್ ಹಾಕಿ, ಹತ್ತು ನಿಮಿಷ ಬಿಡಿ, ಒಣಗಲು ಕೊಡಬೇಡಿ. ಬಣ್ಣ ಹೆಚ್ಚೆನಿಸಿದರೆ ಶೇಕಡಾ 45ರ ಅಸಿಟಿಕ್ ಆಮ್ಲದಲ್ಲಿ ತೊಳೆದು ಗ್ಲಿಸರಾಲ್‌ಗೆ ವರ್ಗಾಯಿಸಿ. ಡ್ಯಾಪಿ ಬಳಸುವವರು ಮೊದಲು ಶೇಕಡಾ 4ರ ಫಾರ್ಮಾಲ್ಡಿಹೈಡಿನಲ್ಲಿ 20 ನಿಮಿಷ ಇಟ್ಟು, ಚೆನ್ನಾಗಿ ತೊಳೆದು, ಮೇಲೆ ಬಣ್ಣ ಹಾಕಬೇಕು. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ, ಫ್ಯೂಮ್ ಹುಡ್‌ನಲ್ಲೇ ಕೆಲಸ, ಉಳಿದದ್ದನ್ನು ಸಿಂಕಿಗೆ ಸುರಿಯದೆ ರಾಸಾಯನಿಕ ತ್ಯಾಜ್ಯದ ಬಾಟಲಿಗೆ.

7. ಎಳೆಯ ಕೋಣೆಗಳಿಂದ ಹತ್ತನೇ ಹಂತದವರೆಗೆ ಓದಿ

ತುದಿಯಿಂದ ಶುರುಮಾಡಿ. ಆರನೇ ಹಂತದವರೆಗೆ ಕೋಣೆ ಗುಂಡಗೆ, ಸುತ್ತ ಒಂದೇ ರೀತಿಯ ಸಣ್ಣ ಕೋಶಗಳು. ಈ ಅವಧಿಯಲ್ಲಿ ಫಾಲಿಕಲ್ ಕೋಶಗಳು ಒಡೆದು ಒಡೆದು ಸುಮಾರು 650 ಆಗುತ್ತವೆ. ಆಮೇಲೆ ಥಟ್ಟನೆ ನಿಲ್ಲಿಸುತ್ತವೆ. ಒಳಗಿನ ಹದಿನಾರು ಕೋಶಗಳು ಡೆಲ್ಟಾ ಎಂಬ ಪ್ರೋಟೀನಿನ ಮೂಲಕ ಸೂಚನೆ ಕೊಡುತ್ತವೆ, ಫಾಲಿಕಲ್ ಕೋಶದ ಮೇಲಿನ ನಾಚ್ ಎಂಬ ಗ್ರಾಹಕ ಅದನ್ನು ಹಿಡಿಯುತ್ತದೆ, ಕೋಶ ಒಡೆಯುವುದನ್ನು ಬಿಟ್ಟು ಡಿಎನ್‌ಎಯನ್ನು ಮಾತ್ರ ದ್ವಿಗುಣಗೊಳಿಸುತ್ತ ಹೋಗುತ್ತದೆ. ಅದಕ್ಕೇ ಏಳನೇ ಹಂತದ ನಂತರ ಅಂಚಿನ ನ್ಯೂಕ್ಲಿಯಸ್‌ಗಳು ಹಿಗ್ಗಿದಂತೆ ಕಾಣುವುದು. ಆರನೇ ಹಂತದ ಮೇಲಿನ ಕೋಣೆಯ ಅಂಚಿನಲ್ಲಿ ಕೋಶವಿಭಜನೆಯ ಚಿತ್ರ ಹುಡುಕುತ್ತ ಕೂರಬೇಡಿ, ಸಿಗುವುದಿಲ್ಲ.

ಗುಂಡಗಿದ್ದ ಕೋಣೆ ಉದ್ದವಾಗುವುದನ್ನು ಗಮನಿಸಿ. ಇದು ತನ್ನಷ್ಟಕ್ಕೆ ಆಗುವುದಲ್ಲ. ಫಾಲಿಕಲ್ ಕೋಶಗಳು ತಮ್ಮ ಹೊರಗಿನ ಆಧಾರಪೊರೆಯ ಮೇಲೆ ಒಟ್ಟಾಗಿ ಒಂದೇ ದಿಕ್ಕಿಗೆ ತೆವಳುತ್ತವೆ, ಇಡೀ ಕೋಣೆ ಆ ಪೊರೆಯೊಳಗೆ ಗಿರಗಿರ ಸುತ್ತುತ್ತದೆ, ಹಾಗೆ ಸುತ್ತುತ್ತ ಕೊಲಾಜನ್ ಎಳೆಗಳನ್ನು ಅಡ್ಡಡ್ಡ ಕಟ್ಟುತ್ತವೆ. ನಡುವಿಗೆ ಬಿಗಿ ಬಿದ್ದಾಗ ಬೆಳೆಯಲು ಉಳಿಯುವುದು ಉದ್ದದ ದಿಕ್ಕು ಮಾತ್ರ. ಜೀವಂತ ಕೋಣೆಗಳ ಚಿತ್ರೀಕರಣದಿಂದ ಈ ತಿರುಗಾಟ 2011ರಲ್ಲಿ ಬೆಳಕಿಗೆ ಬಂತು. ಸತ್ತ ಸ್ಲೈಡಿನಲ್ಲಿ ಇದು ಕಾಣುವುದಿಲ್ಲ; ಫಲ ಮಾತ್ರ ಕಾಣುತ್ತದೆ.

ಎಂಟನೇ ಹಂತದಲ್ಲಿ ಊಸೈಟಿನೊಳಗೆ ಯೋಕಿನ ಕಣಗಳು ಇಣುಕುತ್ತವೆ. ಯೋಕ್ ಪ್ರೋಟೀನುಗಳ ಒಂದು ಪಾಲು ಕೊಬ್ಬಿನ ಅಂಗಾಂಶದಲ್ಲಿ ತಯಾರಾಗಿ ರಕ್ತದಲ್ಲಿ ತೇಲಿ ಬರುತ್ತದೆ, ಇನ್ನೊಂದು ಪಾಲನ್ನು ಫಾಲಿಕಲ್ ಕೋಶಗಳೇ ಮಾಡುತ್ತವೆ. ಹೊರಗಿನಿಂದ ಬಂದದ್ದು ಒಳಹೋಗುವುದು ಫಾಲಿಕಲ್ ಕೋಶಗಳ ನಡುವಿನ ಸಂದಿಗಳಿಂದ. ಈ ಸಂದಿ ಹೇಗೆ ತೆರೆಯುತ್ತದೆಂಬುದು ಚೆನ್ನಾಗಿ ತಿಳಿದದ್ದು ರೋಡ್ನಿಯಸ್ ಎಂಬ ದಕ್ಷಿಣ ಅಮೆರಿಕದ ರಕ್ತ ಹೀರುವ ತಿಗಣೆಯಲ್ಲಿ: ಜುವೆನೈಲ್ ಹಾರ್ಮೋನು ತಾಗಿದಾಗ ಫಾಲಿಕಲ್ ಕೋಶದ ಸೋಡಿಯಂ-ಪೊಟ್ಯಾಸಿಯಂ ಪಂಪು ಚುರುಕಾಗುತ್ತದೆ, ಕೋಶ ನೀರು ಕಳೆದುಕೊಂಡು ಕುಗ್ಗುತ್ತದೆ, ಪಕ್ಕದ ಕೋಶದ ನಡುವೆ ಜಾಗ ಬಿಡುತ್ತದೆ. ‘ಪೋಷಣೆ’ ಎಂಬ ಆ ಒಂದು ಸಾಲಿನ ಅರ್ಧ ಅರ್ಥ ಇಲ್ಲಿದೆ. ಹೊರಗಿನ ಸರಕು ಯಾವಾಗ ಒಳಗೆ ಹೋಗಬೇಕೆಂಬುದು ಈ ಪದರದ ಕೈಯಲ್ಲಿದೆ.

ಒಂಬತ್ತನೇ ಹಂತದಲ್ಲಿ ನಿಧಾನಿಸಿ. ಊಸೈಟ್ ಈಗ ಕೋಣೆಯ ಮೂರನೇ ಒಂದು ಭಾಗದಷ್ಟಿದೆ. ಫಾಲಿಕಲ್ ಕೋಶಗಳು ಹಿಂದಕ್ಕೆ ಸರಿದು ಊಸೈಟಿನ ಸುತ್ತ ಗುಂಪುಗೂಡುತ್ತಿವೆ. ನರ್ಸ್ ಕೋಶಗಳ ಮೇಲೆ ಉಳಿಯುವುದು ಸುಮಾರು 50 ಮಾತ್ರ, ಅವು ಚಪ್ಪಟೆಯಾಗಿ ಹಾಳೆಯಷ್ಟು ತೆಳುವಾಗುತ್ತವೆ. ನರ್ಸ್ ಭಾಗದ ಮೇಲೆ ಪದರವೇ ಇಲ್ಲವಲ್ಲ ಎಂದು ಕೇಳುವವರಿಗೆ ಉತ್ತರ ಇದು: ಪದರ ಇದೆ, ನ್ಯೂಕ್ಲಿಯಸ್‌ಗಳು ದೂರದೂರ ಚದುರಿವೆ.

ಇದೇ ಹೊತ್ತಿನಲ್ಲಿ ಮುಂತುದಿಯಿಂದ ಆರರಿಂದ ಹತ್ತು ಕೋಶಗಳ ಒಂದು ಪುಟ್ಟ ಗುಂಪು ಪದರದಿಂದ ಕಳಚಿಕೊಂಡು ದೈತ್ಯ ನರ್ಸ್ ಕೋಶಗಳ ಸಂದಿಯಲ್ಲಿ ನುಸುಳುತ್ತ ಊಸೈಟಿನ ಕಡೆಗೆ ಹೊರಡುತ್ತದೆ. ಇವು ಬಾರ್ಡರ್ ಕೋಶಗಳು. ಪ್ರಯಾಣ ಸುಮಾರು ಆರು ಗಂಟೆಯದು, ಹಾಗಾಗಿ ಸ್ಲೈಡಿನಲ್ಲಿ ದಾರಿಮಧ್ಯೆ ಸಿಕ್ಕಿಬೀಳುವ ಸಂಭವ ಚೆನ್ನಾಗಿದೆ: ದೊಡ್ಡ ನ್ಯೂಕ್ಲಿಯಸ್‌ಗಳ ನಡುವೆ ಒತ್ತೊತ್ತಾಗಿ ಕೂಡಿದ ಗಾಢ ಚುಕ್ಕೆಗಳ ಒಂದು ಗಂಟು. ಇವು ಊಸೈಟನ್ನು ಮುಟ್ಟಿ ಮೈಕ್ರೋಪೈಲ್ ಕಟ್ಟಲು ಬೇಕು, ಅಂದರೆ ಚಿಪ್ಪಿನಲ್ಲಿ ವೀರ್ಯಾಣುವಿಗೆ ಬಿಡುವ ದಾರಿ. ಸ್ಲೋ ಬಾರ್ಡರ್ ಸೆಲ್ಸ್ ಎಂಬ ಜೀನ್ ಕೆಟ್ಟ ಹೆಣ್ಣುಗಳಲ್ಲಿ ಈ ಗುಂಪು ಹೊರಡುವುದೇ ಇಲ್ಲ. ಅಂಥ ನೊಣ ಮೊಟ್ಟೆ ಇಟ್ಟರೂ ಮರಿಯಾಗುವುದಿಲ್ಲ. ಗುಂಪಾಗಿ ಚಲಿಸುವ ಕೋಶಗಳನ್ನು ಅರಿಯಲು, ಕ್ಯಾನ್ಸರ್ ಹರಡುವ ಬಗೆಯನ್ನೂ ಯೋಚಿಸಲು, ವಿಜ್ಞಾನಿಗಳು ಬಾರ್ಡರ್ ಕೋಶಗಳಿಗೆ ಅಂಟಿಕೊಂಡು ಕೂತಿರುವುದು ಸುಮ್ಮನೆ ಅಲ್ಲ.

ಹತ್ತನೇ ಹಂತದಲ್ಲಿ ಊಸೈಟ್ ಸರಿಯಾಗಿ ಅರ್ಧ ಕೋಣೆ. ಅದರ ನ್ಯೂಕ್ಲಿಯಸ್ ಎಲ್ಲಿದೆ ನೋಡಿ: ಮಧ್ಯದಲ್ಲಲ್ಲ, ಮುಂಭಾಗದ ಒಂದು ಮೂಲೆಯಲ್ಲಿ. ಈ ಮೂಲೆಯೇ ಬೆನ್ನು. ಮೊದಲು, ಆರು-ಏಳನೇ ಹಂತದ ಸುಮಾರಿಗೆ, ಊಸೈಟ್ ಗುರ್ಕೆನ್ ಎಂಬ ಪ್ರೋಟೀನನ್ನು ಹಿಂತುದಿಯ ಫಾಲಿಕಲ್ ಕೋಶಗಳಿಗೆ ಕಳಿಸುತ್ತದೆ. ಆ ಕೋಶಗಳು ತಾವು ಹಿಂಭಾಗವೆಂದು ಅರಿತು ಮರುಸೂಚನೆ ಕೊಡುತ್ತವೆ. ಅದರಿಂದ ಊಸೈಟಿನ ಒಳಗಿನ ಮೈಕ್ರೋಟ್ಯೂಬ್ಯೂಲ್ ಎಂಬ ಕೊಳವೆಯಂಥ ಎಳೆಗಳ ಜೋಡಣೆ ಬದಲಾಗಿ ನ್ಯೂಕ್ಲಿಯಸ್ ಮುಂದಿನ ಮೂಲೆಗೆ ಸರಿಯುತ್ತದೆ. ಅಲ್ಲಿಂದ ಮತ್ತೊಮ್ಮೆ ಗುರ್ಕೆನ್ ಹೊರಟು ಪಕ್ಕದ ಫಾಲಿಕಲ್ ಕೋಶಗಳನ್ನು ಬೆನ್ನಿನವನ್ನಾಗಿ ಮಾಡುತ್ತದೆ. ಸೂಚನೆ ತಲುಪದ ಎದುರು ಬದಿಯಲ್ಲಿ ಪೈಪ್ ಎಂಬ ಜೀನ್ ಎಚ್ಚರವಾಗಿ, ಆ ಬದಿ ಮುಂದೆ ಹೊಟ್ಟೆಯಾಗಲು ದಾರಿಯಾಗುತ್ತದೆ. ಮರಿಯ ಬೆನ್ನು-ಹೊಟ್ಟೆ ತೀರ್ಮಾನ ಗರ್ಭಾಂಕುರಕ್ಕೂ ಮೊದಲೇ, ತಾಯಿಯ ಈ ತೆಳು ಪದರ ಮತ್ತು ಊಸೈಟಿನ ನಡುವಿನ ಕೊಡು-ಕೊಳುವಿನಲ್ಲಿ ಆಗಿಹೋಗಿರುತ್ತದೆ. ನ್ಯೂಕ್ಲಿಯಸ್ ಕಂಡ ಮೂಲೆಯನ್ನು ಚಿತ್ರದಲ್ಲಿ ಗುರುತು ಹಾಕಿಕೊಳ್ಳಿ.

8. ಹನ್ನೊಂದರಿಂದ ಹದಿನಾಲ್ಕು: ಚಿಪ್ಪು

ಹನ್ನೊಂದನೇ ಹಂತ ಸಿಗಲಿಲ್ಲವೆಂದು ಬೇಸರಪಡಬೇಡಿ. ಅದು ಇರುವುದೇ ಅರ್ಧ ಗಂಟೆ: ನರ್ಸ್ ಕೋಶಗಳು ಉಳಿದ ಸರಕನ್ನೆಲ್ಲ ಒಮ್ಮೆಗೆ ಊಸೈಟಿಗೆ ಸುರಿದು ಮುದುಡಿಕೊಳ್ಳುತ್ತವೆ. ನಂತರ ಅವು ಸಾಯುತ್ತವೆ, ಅವನ್ನು ಕರಗಿಸಿ ತೆಗೆಯುವವು ಮೇಲೆ ಹೇಳಿದ ಚಪ್ಪಟೆ ಫಾಲಿಕಲ್ ಕೋಶಗಳೇ.

ಊಸೈಟಿನ ಸುತ್ತಲಿನ ಎತ್ತರದ ಕೋಶಗಳು ಅಷ್ಟರಲ್ಲಿ ಚಿಪ್ಪಿನ ಕೆಲಸ ಹಿಡಿದಿರುತ್ತವೆ. ಒಳಪದರ ವಿಟೆಲೈನ್ ಪೊರೆ ಮೊದಲು, ಅದರ ಮೇಲೆ ಗಟ್ಟಿ ಹೊರಚಿಪ್ಪು ಕೋರಿಯಾನ್. ಕೆಲವೇ ಗಂಟೆಗಳಲ್ಲಿ ಇಷ್ಟೊಂದು ಪ್ರೋಟೀನ್ ಬೇಕೆಂದು ಫಾಲಿಕಲ್ ಕೋಶಗಳು ಕೋರಿಯಾನ್ ಜೀನುಗಳನ್ನು ಮಾತ್ರ ಮತ್ತೆ ಮತ್ತೆ ನಕಲು ಮಾಡಿಕೊಳ್ಳುತ್ತವೆ. ಮೂರನೇ ಕ್ರೋಮೋಸೋಮಿನ ಗುಂಪು 60ರಿಂದ 80 ಪಟ್ಟು ಹೆಚ್ಚುತ್ತದೆ.

ಹದಿಮೂರು-ಹದಿನಾಲ್ಕರಲ್ಲಿ ಮುಂಭಾಗದಲ್ಲಿ ಎರಡು ಬಿಳಿ ಎಳೆಗಳು ಕಾಣುತ್ತವೆ. ಮೊಟ್ಟೆ ಹಣ್ಣಿನ ರಸದಲ್ಲಿ ಮುಳುಗಿದರೂ ಉಸಿರಾಡಲು ಬೇಕಾದ ಅಂಗಗಳಿವು. ಹತ್ತನೇ ಹಂತದಲ್ಲಿ ನ್ಯೂಕ್ಲಿಯಸ್ ಇದ್ದ ಬದಿಯಲ್ಲೇ ಇವು ಏಳುವುದು. ನಿಮ್ಮ ಚಿತ್ರದ ಜೊತೆ ಹೋಲಿಸಿ. ಗುರ್ಕೆನ್ ಕೆಲಸಮಾಡದ ತಳಿಯಲ್ಲಿ ಈ ಎಳೆಗಳೇ ಇರುವುದಿಲ್ಲ. ಇಲ್ಲಿ ಬಣ್ಣ ಒಳಗಿಳಿಯಲಿಲ್ಲ ಎಂಬ ದೂರು ಬರುತ್ತದೆ. ಚಿಪ್ಪು ಬಂದ ಮೇಲೆ ಬಣ್ಣ ಇಳಿಯದಿರುವುದೇ ಸರಿ.

9. ಕೆಟ್ಟ ಕೋಣೆಗಳನ್ನೂ ಬಿಡಬೇಡಿ

ಎಂಟು-ಒಂಬತ್ತರ ಗಾತ್ರದ ಕೋಣೆಯೊಳಗೆ ನರ್ಸ್ ನ್ಯೂಕ್ಲಿಯಸ್‌ಗಳು ಮುದ್ದೆಗಟ್ಟಿ ಚೂರಾಗಿ, ಸುತ್ತಲಿನ ಫಾಲಿಕಲ್ ಕೋಶಗಳು ಉಬ್ಬಿ ಒಳಕ್ಕೆ ಚಾಚಿದ್ದರೆ, ನಿಮ್ಮ ಬಣ್ಣ ಕೆಟ್ಟಿಲ್ಲ. ಆಹಾರ ಸಾಲದೆ ಸತ್ತ ಅಂಡವನ್ನು ಫಾಲಿಕಲ್ ಕೋಶಗಳು ನುಂಗುತ್ತಿವೆ. ಬೇಕೆಂದೇ ನೋಡಲು ಕೆಲವು ಹೆಣ್ಣುಗಳನ್ನು ಒಂದು ದಿನ ಯೀಸ್ಟ್ ಇಲ್ಲದೆ, ಬರೀ ಸಕ್ಕರೆ-ಅಗರ್ ಮೇಲೆ ಬಿಟ್ಟು ಹೋಲಿಸಿ. ನನ್ನ ಮಟ್ಟಿಗೆ ತರಗತಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗವಿಲ್ಲ: ಖರ್ಚಿಲ್ಲ, ವ್ಯತ್ಯಾಸ ಎದ್ದು ಕಾಣುತ್ತದೆ.

ಬೇರೆ ಕೀಟದಲ್ಲಿ ನೋಡಬಯಸುವವರಿಗೆ ಒಂದೆರಡು ಮಾತು. ಎಲ್ಲ ಕೀಟಗಳಲ್ಲೂ ನರ್ಸ್ ಕೋಶ ಇರುವುದಿಲ್ಲ. ಜಿರಳೆಯಲ್ಲಿ ಅಂಡಾಶಯಕ್ಕೆ ಎಂಟು ಓವೇರಿಯೋಲ್, ನರ್ಸ್ ಕೋಶ ಸೊನ್ನೆ. ಊಸೈಟಿನ ಜೊತೆಗಿರುವುದು ಫಾಲಿಕಲ್ ಪದರ ಒಂದೇ. ರೇಷ್ಮೆಹುಳುವಿನಲ್ಲಿ ಅಂಡಾಶಯಕ್ಕೆ ನಾಲ್ಕೇ ಓವೇರಿಯೋಲ್, ಪ್ರತಿ ಊಸೈಟಿಗೆ ಏಳು ನರ್ಸ್ ಕೋಶ. ತಿಗಣೆ ಜಾತಿಯವುಗಳಲ್ಲಿ ನರ್ಸ್ ಕೋಶಗಳೆಲ್ಲ ತುದಿಯಲ್ಲೇ ಉಳಿದು ಉದ್ದನೆಯ ಹುರಿಗಳ ಮೂಲಕ ಊಸೈಟಿಗೆ ಸಾಗಿಸುತ್ತವೆ. ಮೂರು ಬಗೆಯಲ್ಲೂ ತಪ್ಪದೆ ಇರುವುದು ಫಾಲಿಕಲ್ ಕೋಶ.

10. ಇಟ್ಟ ಮೊಟ್ಟೆಯ ಮೇಲೆ ಗುರುತು ಹುಡುಕಿ

ಇದಕ್ಕೆ ನೊಣವನ್ನು ಕೊಯ್ಯಬೇಕಿಲ್ಲ. ಆಹಾರದ ಮೇಲೆ ಯೀಸ್ಟ್ ಸವರಿ ಸಂಜೆ ಹೆಣ್ಣುಗಳನ್ನು ಬಿಡಿ, ಬೆಳಿಗ್ಗೆ ಅರ್ಧ ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆಗಳು ಸಿಗುತ್ತವೆ. ಒದ್ದೆ ಕುಂಚದಿಂದ ಎತ್ತಿ ಸ್ಲೈಡಿಗೆ ಹಾಕಿ, ದೀಪದ ಡಯಾಫ್ರಮ್ ಕಿರಿದುಮಾಡಿ ನೋಡಿ. ಬೆಳಕು ಹೆಚ್ಚಿದ್ದರೆ ಏನೂ ಕಾಣದು. ಚಿಪ್ಪಿನ ತುಂಬ ಆರು ಮೂಲೆಯ ಮನೆಗಳ ಗೆರೆಗಳಿವೆ. ಒಂದೊಂದು ಮನೆಯೂ ಅಲ್ಲಿ ಕೂತು ಚಿಪ್ಪು ಹೊದಿಸಿದ ಒಂದು ಫಾಲಿಕಲ್ ಕೋಶದ ಅಚ್ಚು. ಕೋಶಗಳು ಮಾತ್ರ ಈಗಿಲ್ಲ. ಮೊಟ್ಟೆ ಹೊರಡುವಾಗ ಹಿಂತುದಿಯ ಫಾಲಿಕಲ್ ಪದರ ಒಡೆದು ದಾರಿ ಬಿಡುತ್ತದೆ, ಉಳಿದದ್ದು ಅಂಡಾಶಯದಲ್ಲೇ ಹಿಂದುಳಿಯುತ್ತದೆ. ಮುಂತುದಿಯಲ್ಲಿ ಎಳೆಗಳ ನಡುವೆ, ಸ್ವಲ್ಪ ಕೆಳಗೆ, ಚಿಕ್ಕ ಮೊಳೆಯಂತೆ ಚಾಚಿರುವುದು ಮೈಕ್ರೋಪೈಲ್.

ಗೆರೆಗಳು ಚಿಪ್ಪಿನದ್ದೇ ಎಂದು ಖಾತ್ರಿಪಡಿಸಿಕೊಳ್ಳಲು ಮನೆಯಲ್ಲಿ ಬಳಸುವ ಬ್ಲೀಚ್ ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ ಮೊಟ್ಟೆಗಳನ್ನು ಎರಡು ನಿಮಿಷ ಇಡಿ. ಕೋರಿಯಾನ್ ಕರಗಿ, ಎಳೆ ಮತ್ತು ಗೆರೆಗಳು ಮಾಯವಾಗಿ, ನುಣುಪಾದ ವಿಟೆಲೈನ್ ಪೊರೆ ಉಳಿಯುತ್ತದೆ. ಕೂಡಲೇ ನೀರಿನಲ್ಲಿ ತೊಳೆಯಿರಿ, ಬ್ಲೀಚ್ ಇದ್ದ ಪಾತ್ರೆಗೆ ಯಾವ ಆಮ್ಲವನ್ನೂ ಸುರಿಯಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಚಿಪ್ಪು ತೆಗೆದ ಮೊಟ್ಟೆ ಬೇಗ ಒಣಗುತ್ತದೆ. ಒಂದು ಹನಿ ನೀರು ಮೇಲೆ ಇರಲಿ.